ಕೂದಲು ಹೋಯ್ತು, ಕಲೆ ಉಳೀತು

ಯಾವ ಊರಿನ ಬ್ಯೂಟಿ ಪಾರ್ಲರ್‌ಗೆ ಹೋದರೂ ಗೋಡೆ ಮೇಲೆ ಒಂದು ರೇಟ್ ಕಾರ್ಡ್ ಇರುತ್ತದೆ. ಐಬ್ರೋ, ಅಪ್ಪರ್ ಲಿಪ್, ಚಿನ್, ಫುಲ್ ಆರ್ಮ್ಸ್, ಹಾಫ್ ಲೆಗ್ಸ್, ಅಂಡರ್ ಆರ್ಮ್ಸ್. ನಾರ್ಮಲ್ ವ್ಯಾಕ್ಸ್‌ಗೆ ಒಂದು ದರ, ಚಾಕೊಲೇಟ್ ವ್ಯಾಕ್ಸ್‌ಗೆ ಇನ್ನೊಂದು ದರ. ಲೇಔಟ್‌ನಲ್ಲಿ ಸೈಟ್ ಹಂಚಿದ ಹಾಗೆ ನಮ್ಮ ಮೈಯನ್ನು ತುಂಡು ತುಂಡಾಗಿ ಅಳೆದು ಬೆಲೆ ಕಟ್ಟಿರುತ್ತಾರೆ. ಕೂದಲು ಕಿತ್ತ ಜಾಗದಲ್ಲಿ ಆಮೇಲೆ ಏನು ಬರುತ್ತದೆ ಅನ್ನೋದು ಮಾತ್ರ ಆ ಕಾರ್ಡಿನಲ್ಲಿ ಇರುವುದಿಲ್ಲ.

ಬರುವುದು ಕಲೆ. ಗೋಧಿ ಬಣ್ಣದಿಂದ ಎಣ್ಣೆಗಪ್ಪಿನವರೆಗೆ ಮೈಬಣ್ಣ ಇರುವ ನಾವು ಕೂದಲಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಈ ಕಲೆಯ ಬಗ್ಗೆ ಅಂತ ನನಗೆ ಬರಬರುತ್ತಾ ಗಟ್ಟಿಯಾಗಿ ಅನಿಸಿದೆ. ಚರ್ಮಕ್ಕೆ ಉರಿಯೋ, ಗೀರೋ, ಸುಟ್ಟಗಾಯವೋ ಏನೇ ಆಗಲಿ, ಅಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ರೊಚ್ಚಿಗೆದ್ದು ಮೆಲನಿನ್ ಅನ್ನುವ ಬಣ್ಣ ಸುರಿಯುತ್ತವೆ. ಬಿಳಿ ಚರ್ಮದವರಿಗೆ ಕೆಲವು ದಿನ ಕೆಂಪಗಿದ್ದು ಹೋಗುವ ಉರಿ ನಮಗೆ ಕಂದು ಕಲೆಯಾಗಿ ತಿಂಗಳುಗಟ್ಟಲೆ ಕೂರುತ್ತದೆ. ಕೂದಲು ಮೂರು ನಾಲ್ಕು ವಾರಕ್ಕೆ ವಾಪಸ್ ಬರುತ್ತದೆ. ಆಗ ಹಳೆಯ ಕಲೆ ಇನ್ನೂ ಅಲ್ಲೇ ಇರುತ್ತದೆ. ಅದರ ಮೇಲೇ ಮತ್ತೊಂದು ಸಲ ವ್ಯಾಕ್ಸ್. ಕಂಕುಳು ಯಾಕೆ ಇಷ್ಟು ಕಪ್ಪು ಅಂತ ಕೇಳುವವರಲ್ಲಿ ಹಲವರಿಗೆ ಉತ್ತರ ಇಲ್ಲೇ ಇದೆ.

ಚರ್ಮದ ಡಾಕ್ಟರ್‌ಗಳು ಮೈಬಣ್ಣ ಅಳೆಯಲು ಫಿಟ್ಜ್‌ಪ್ಯಾಟ್ರಿಕ್ ಸ್ಕೇಲ್ ಅಂತ ಒಂದನ್ನು ಬಳಸುತ್ತಾರೆ. ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಅಂತ ನೋಡಿ ನಂಬರ್ ಕೊಡುವುದು. 1975ರಲ್ಲಿ ಅದನ್ನು ಶುರು ಮಾಡಿದ್ದು ಬಿಳಿ ಚರ್ಮದವರಿಗಾಗಿ. ಕಂದು, ಕಪ್ಪು ಚರ್ಮದ 5 ಮತ್ತು 6ನೇ ನಂಬರ್‌ಗಳನ್ನು ಆಮೇಲೆ ಸೇರಿಸಿದರು. ನಮ್ಮ ಕಡೆಯವರು ಹೆಚ್ಚಾಗಿ ಬರುವುದು 4 ಮತ್ತು 5ರಲ್ಲಿ. ಸೌಂದರ್ಯದ ಮಷಿನ್ನು, ಟ್ಯೂಬು, ಬಾಟಲಿಗಳ ಚರಿತ್ರೆಯಲ್ಲೂ ಇದೇ ಕತೆ. ಮೊದಲು ಅವರಿಗೆ, ಆಮೇಲೆ ನಮಗೂ ಇರಲಿ ಅಂತ.

ಥ್ರೆಡಿಂಗ್ ಮಾತ್ರ ಅಪ್ಪಟ ಏಷ್ಯಾದ್ದು. ಬರೀ ದಾರ, ಕೆಮಿಕಲ್ ಇಲ್ಲ, ಬಿಸಿ ಇಲ್ಲ. ಹಾಗಾಗಿ ಅದಕ್ಕೆ ಅಡ್ಡಪರಿಣಾಮವೇ ಇಲ್ಲ ಅನ್ನುವ ನಂಬಿಕೆ. ಪಾರ್ಲರ್‌ನ ಹುಡುಗಿ ರೀಲಿನಿಂದ ದಾರ ಎಳೆಯುತ್ತಾಳೆ. ಒಂದು ತುದಿ ಹಲ್ಲಲ್ಲಿ ಕಚ್ಚುತ್ತಾಳೆ, ಉಳಿದದ್ದನ್ನು ಬೆರಳಿಗೆ ಸುತ್ತಿ ನಡುವೆ ತಿರುಚುತ್ತಾಳೆ. "ಟೈಟಾಗಿ ಹಿಡ್ಕೊಳ್ಳಿ ಮೇಡಂ" ಅಂದಾಗ ಹುಬ್ಬಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಚರ್ಮ ಎಳೆದು ಹಿಡಿಯಬೇಕು. ಮೇಲ್ದುಟಿಯಾದರೆ ಒಳಗಿನಿಂದ ನಾಲಿಗೆ ಒತ್ತಿ ಉಬ್ಬಿಸಬೇಕು. ದಾರ ಕರಕರ ಅನ್ನುತ್ತಾ ಓಡುತ್ತದೆ. ಕಣ್ಣಲ್ಲಿ ನೀರು, ಮೂಗಲ್ಲಿ ಸೀನು. ಮುಗಿದ ಮೇಲೆ ಒಂಚೂರು ಪೌಡರೋ, ಅಲೋವೆರಾ ಜೆಲ್ಲೋ.

ಇದರಲ್ಲಿ ದಾರ ಕೂದಲನ್ನಷ್ಟೇ ಕೀಳುವುದಿಲ್ಲ. ಚರ್ಮದ ಮೇಲ್ಪದರವನ್ನೂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಕೊಯ್ಯುತ್ತಾ ಹೋಗುತ್ತದೆ. ಆ ಗೀರುಗಳಲ್ಲಿ ಏನು ಬೇಕಾದರೂ ಒಳಗೆ ಇಳಿಯಬಹುದು. ಥ್ರೆಡಿಂಗ್ ಆದ ಮೇಲೆ ಹುಬ್ಬಿನ ಸುತ್ತ ಚಪ್ಪಟೆ ನರಹುಲಿಗಳು ಸಾಲಾಗಿ ಎದ್ದ ಪ್ರಕರಣಗಳನ್ನು ನಮ್ಮ ದೇಶದ ಚರ್ಮವೈದ್ಯರೇ ದಾಖಲಿಸಿದ್ದಾರೆ. ನರಹುಲಿ ಬರುವುದು ವೈರಸ್‌ನಿಂದ. ಈಗಾಗಲೇ ಒಂದೆರಡು ಇದ್ದವರಿಗೆ ದಾರವೇ ಅದನ್ನು ಪಕ್ಕಕ್ಕೆ ಹರಡುತ್ತದೆ. ಹಾಗೇ ತೊನ್ನು ಬರುವ ಸ್ವಭಾವದ ಚರ್ಮ ಇದ್ದವರಿಗೆ ಗಾಯವಾದ ಜಾಗದಲ್ಲೇ ಹೊಸ ಬಿಳಿ ಮಚ್ಚೆ ಏಳಬಹುದು. ಇದೆಲ್ಲಾ ದಿನಾ ಆಗುವಂಥದ್ದಲ್ಲ, ನಿಜ. ದಿನಾ ಆಗುವುದು ಮೇಲ್ದುಟಿಯ ಮೇಲಿನ ಸಣ್ಣ ಕೀವುಗುಳ್ಳೆಗಳು. ಅದನ್ನು ಚಿವುಟಿದರೆ ಕಲೆ. ದಾರದ ತುದಿಯನ್ನು ಹಲ್ಲಲ್ಲಿ ಕಚ್ಚುವ ಬದಲು ಕುತ್ತಿಗೆಗೆ ಕಟ್ಟಿಕೊಂಡು ಮಾಡುವವರೂ ಇದ್ದಾರೆ. ನನಗೆ ಅವರನ್ನು ಕಂಡರೆ ಸ್ವಲ್ಪ ಹೆಚ್ಚು ಗೌರವ.

ವ್ಯಾಕ್ಸಿಂಗ್‌ನ ವಿಷಯಕ್ಕೆ ಬಂದರೆ ಎಲ್ಲರೂ ಹೆದರುವುದು ನೋವಿಗೆ. ಹೀಟರ್‌ನಲ್ಲಿ ಕುದಿಯುವ ವ್ಯಾಕ್ಸನ್ನು ಚಪ್ಪಟೆ ಚಾಕುವಿನಿಂದ ಬಳಿದಾಗ ಸುಟ್ಟಗಾಯ ಆಗುವುದೂ ಎಲ್ಲರಿಗೂ ಗೊತ್ತು. ಜನಕ್ಕೆ ಗೊತ್ತಿಲ್ಲದ್ದು ಬೇರೆ ಒಂದಿದೆ. ಮೊಡವೆಗೆ ಹಚ್ಚುವ ಅಡಾಪಲೀನ್, ಟ್ರೆಟಿನೊಯಿನ್ ಥರದ ಕ್ರೀಮ್‌ಗಳು, ಈಗ ಆನ್‌ಲೈನ್‌ನಲ್ಲಿ ಎಲ್ಲರೂ ತರಿಸುವ ರೆಟಿನಾಲ್ ಸೀರಮ್‌ಗಳು ಚರ್ಮದ ಮೇಲ್ಪದರವನ್ನು ತೆಳ್ಳಗೆ, ನಾಜೂಕು ಮಾಡುತ್ತವೆ. ಅದರ ಮೇಲೆ ವ್ಯಾಕ್ಸ್ ಹಾಕಿ ಎಳೆದರೆ ಕೂದಲಿನ ಜೊತೆ ಚರ್ಮವೂ ಸಿಪ್ಪೆಯ ಹಾಗೆ ಬರುತ್ತದೆ. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ನುಂಗುವವರಿಗೆ ಇದು ಇನ್ನೂ ಜಾಸ್ತಿ. ಮಾತ್ರೆ ನಿಲ್ಲಿಸಿದ ಮೇಲೂ ಕನಿಷ್ಠ 6 ತಿಂಗಳು ವ್ಯಾಕ್ಸ್ ಬೇಡ ಅಂತ ಔಷಧಿಯ ಮಾಹಿತಿ ಚೀಟಿಯಲ್ಲೇ ಬರೆದಿರುತ್ತದೆ. ಆ ಚೀಟಿಯ ಅಕ್ಷರ ಓದಲು ಭೂತಗನ್ನಡಿ ಬೇಕು ಅನ್ನುವುದು ಬೇರೆ ಮಾತು.

ನಮ್ಮ ಮನೆಯಲ್ಲೇ ಇದು ನಡೆದಿದೆ. ತಂಗಿಯ ಮಗಳು ಒಂದು ಮದುವೆಯ ಮುಂಚಿನ ದಿನ ಮೇಲ್ದುಟಿಗೆ ವ್ಯಾಕ್ಸ್ ಮಾಡಿಸಿಕೊಂಡಳು. ಥ್ರೆಡಿಂಗ್ ನೋವು ತಡೆಯೋಕಾಗಲ್ಲ ದೊಡ್ಡಮ್ಮ, ಅಂದಿದ್ದಳು. ಮೊಡವೆಗೆ ರಾತ್ರಿ ಹೊತ್ತು ಕ್ರೀಮ್ ಹಚ್ಚುತ್ತಿದ್ದದ್ದನ್ನು ಅವಳೂ ಹೇಳಲಿಲ್ಲ, ಪಾರ್ಲರ್‌ನವರೂ ಕೇಳಲಿಲ್ಲ. ಸಂಜೆಗೆ ಮೂಗಿನ ಕೆಳಗೆ ಎರಡು ಕಡೆ ಒದ್ದೆ ಒದ್ದೆಯಾಗಿ, ಹಸಿಗಾಯದ ಹಾಗೆ ಹೊಳೆಯುತ್ತಿತ್ತು. ಮದುವೆಯಲ್ಲಿ ಫೌಂಡೇಶನ್ ಮುಟ್ಟಿಸಲೂ ಆಗಲಿಲ್ಲ. ಗಾಯ ವಾರದಲ್ಲಿ ಒಣಗಿತು. ಅಲ್ಲಿ ಉಳಿದ ಕಪ್ಪು, ದೂರದಿಂದ ನೋಡಿದರೆ ಮೀಸೆ ಇದ್ದ ಹಾಗೇ ಕಾಣುತ್ತಿತ್ತು. ಯಾವುದನ್ನು ತೆಗೆಸಲು ಹೋಗಿದ್ದಳೋ ಅದಕ್ಕಿಂತ ದಟ್ಟವಾಗಿ. ಆ ಹುಡುಗಿ ಕಾಲೇಜಿಗೆ ಮಾಸ್ಕ್ ಹಾಕಿಕೊಂಡು ಹೋದಳು.

ಸ್ವಲ್ಪ ದುಬಾರಿ ವ್ಯಾಕ್ಸ್ ಹಾಕಿಸಿಕೊಂಡರೆ ಇದೆಲ್ಲಾ ಆಗಲ್ಲ ಅನ್ನುವವರಿದ್ದಾರೆ. ನೋವು ಕಡಿಮೆ ಇರಬಹುದು. ಆದರೆ ಎಷ್ಟೋ ವ್ಯಾಕ್ಸ್‌ಗಳಲ್ಲಿ ಅಂಟು ಬರಲು ಪೈನ್ ಮರದ ರಾಳ ಸೇರಿಸಿರುತ್ತಾರೆ, ಅದು ಕೆಲವರಿಗೆ ಅಲರ್ಜಿ. ಡಬ್ಬಿ ದುಬಾರಿಯಾದ ಮಾತ್ರಕ್ಕೆ ರಾಳ ಬದಲಾಗುವುದಿಲ್ಲ. ಇನ್ನು ಒಬ್ಬರ ಕಂಕುಳಿಗೆ ಬಳಿದ ಚಾಕುವನ್ನೇ ಮತ್ತೆ ಡಬ್ಬಿಗೆ ಅದ್ದಿ ಇನ್ನೊಬ್ಬರಿಗೆ ಬಳಿಯುವುದನ್ನು ನೋಡಿಯೂ ಸುಮ್ಮನೆ ಕೂತಿರುತ್ತೇವೆ. ದಾಕ್ಷಿಣ್ಯ. ಬೀದಿಬದಿಯ ಪಾನಿಪೂರಿಯವನಿಗೆ ಕೈ ತೊಳ್ಕೊಳ್ಳಪ್ಪಾ ಅನ್ನುವ ನಾವು ಇಲ್ಲಿ ಬಾಯಿ ಬಿಡುವುದಿಲ್ಲ.

ವ್ಯಾಕ್ಸ್, ಕೂದಲು ಕೀಳುವ ಎಪಿಲೇಟರ್ ಮಷಿನ್ನು, ಚಿಮುಟ, ಎಲ್ಲಕ್ಕೂ ಒಂದು ಸಮಾನ ಕಾಟ ಇದೆ. ಕಿತ್ತ ಕೂದಲು ಮತ್ತೆ ಬೆಳೆಯುವಾಗ ತುದಿ ಹೊರಗೆ ಬರುವ ದಾರಿ ತಪ್ಪಿ ಚರ್ಮದ ಒಳಗೇ ಸುತ್ತಿಕೊಳ್ಳುತ್ತದೆ. ಗುಂಗುರು ಕೂದಲಿನವರಿಗೆ ಜಾಸ್ತಿ. ಹೊರಗಿನಿಂದ ಅದು ಮೊಡವೆ ಥರ ಉಬ್ಬಿ, ನಡುವೆ ಕಪ್ಪು ಚುಕ್ಕಿ ಕಾಣುತ್ತದೆ. ಪಿನ್ನಿನಿಂದ ಕೆದಕಬೇಡಿ ಅಂತ ಹೇಳಿದರೂ ಕೈ ಸುಮ್ಮನಿರಲ್ಲ, ಅಲ್ವಾ?

ಈಗ ಕೂದಲು ತೆಗೆಯುವ ಕ್ರೀಮು. ಟ್ಯೂಬಿನ ಮೇಲೆ ಗುಲಾಬಿ, ಹಾಲು, ಲಿಲ್ಲಿ ಹೂವು ಏನೇ ಬಿಡಿಸಿರಲಿ, ಒಳಗೆ ಕೆಲಸ ಮಾಡುವುದು ಥಯೋಗ್ಲೈಕೊಲೇಟ್ ಅನ್ನುವ ರಾಸಾಯನಿಕ. ಕೂದಲು ಗುಂಗುರು ಮಾಡಿಸುವ ಪರ್ಮಿಂಗ್ ದ್ರಾವಣದಲ್ಲಿರುವುದೂ ಇದರ ಅಣ್ಣತಮ್ಮನೇ. ಕೂದಲು ಆಗಿರುವ ಕೆರಟಿನ್ ಅನ್ನುವ ಪ್ರೋಟೀನ್‌ನಲ್ಲಿ ಗಂಧಕದ ಕೊಂಡಿಗಳಿವೆ. ಇದು ಅವನ್ನು ಕಡಿದು ಕೂದಲನ್ನು ಮೆತ್ತಗೆ ಮುದ್ದೆ ಮಾಡುತ್ತದೆ. ಬಾತ್‌ರೂಮ್ ತುಂಬಾ ಕೊಳೆತ ಮೊಟ್ಟೆಯ ವಾಸನೆ ಬರುವುದು ಈ ಗಂಧಕದಿಂದಲೇ. ಕೆಲಸ ಬೇಗ ಆಗಲಿ ಅಂತ ಕ್ರೀಮನ್ನು ತುಂಬಾ ಕ್ಷಾರವಾಗಿ, ಪಿಎಚ್ 12ರ ಹತ್ತಿರ ಇಟ್ಟಿರುತ್ತಾರೆ. ತೊಂದರೆ ಏನಂದ್ರೆ ಚರ್ಮದ ಮೇಲ್ಪದರವೂ ಕೆರಟಿನ್‌ನದೇ. ಕ್ರೀಮಿಗೆ ಇದು ಕೂದಲು, ಇದು ಚರ್ಮ ಅನ್ನುವ ಭೇದ ಇಲ್ಲ. ಕೂದಲು ಮೊದಲು ಸೋಲುತ್ತದೆ ಅಷ್ಟೇ. ಟ್ಯೂಬಿನ ಮೇಲೆ ಬರೆದ ನಿಮಿಷಗಳು ಮುಗಿದ ಮೇಲೂ ಬಿಟ್ಟರೆ ಅದು ಚರ್ಮದ ಕೆಲಸ ಶುರು ಮಾಡುತ್ತದೆ. ಹಚ್ಚಿಕೊಂಡು ಕೂತಾಗಲೇ ಗ್ಯಾಸ್ ಸಿಲಿಂಡರ್‌ನವನು ಬೆಲ್ ಮಾಡುವುದು ಹೇಗೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಒಂದು ದಿನ ಮುಂಚೆ ಮೊಣಕೈ ಒಳಭಾಗದಲ್ಲಿ ಒಂಚೂರು ಹಚ್ಚಿ ನೋಡಿ ಅನ್ನುವ ಸಲಹೆಯನ್ನು ಯಾರೂ ಪಾಲಿಸುವುದಿಲ್ಲ. ಪಾಲಿಸಿ. ಕಾಲಿಗೆ ಒಗ್ಗಿದ ಕ್ರೀಮ್ ಮುಖಕ್ಕೂ, ಗುಪ್ತಾಂಗಕ್ಕೂ ಒಗ್ಗುತ್ತದೆ ಅಂತಲ್ಲ. ಅಲ್ಲಿನ ಚರ್ಮ ತೆಳು.

ಈ ಕ್ರೀಮಿಗೆ ಬಹಳ ಹಿಂದಿನ ಅಜ್ಜನೊಬ್ಬ ಇದ್ದಾನೆ. ಸುಶ್ರುತ ಸಂಹಿತೆಯಲ್ಲಿ ಗಾಯಕ್ಕೆ ಮಾಡಬೇಕಾದ 60 ಉಪಚಾರಗಳ ಪಟ್ಟಿ ಬರುತ್ತದೆ. ಅದರಲ್ಲಿ ರೋಮ ತೆಗೆಯುವುದೂ ಒಂದು. ಶಂಖದ ಪುಡಿಯ ಜೊತೆ ಹರಿತಾಳ ಸೇರಿಸಿ ಲೇಪಿಸಬೇಕು ಅನ್ನುತ್ತದೆ. ಹರಿತಾಳ ಅಂದ್ರೆ ನಮ್ಮ ಯಕ್ಷಗಾನದವರ ಅರದಾಳ, ಆರ್ಸೆನಿಕ್ ಮತ್ತು ಗಂಧಕ ಸೇರಿದ ಹಳದಿ ಖನಿಜ. ಸುಣ್ಣ ಮತ್ತು ಗಂಧಕ, ಇವತ್ತಿನ ಟ್ಯೂಬಿನ ತತ್ವವೇ. ವಿಷ ಮಾತ್ರ ಬದಲಾಗಿದೆ. ಹಳೆಯದೆಲ್ಲಾ ನೈಸರ್ಗಿಕ, ನೈಸರ್ಗಿಕವೆಲ್ಲಾ ಸುರಕ್ಷಿತ ಅನ್ನುವವರಿಗೆ ನಾನು ಈ ಪಾಕವಿಧಾನ ಹೇಳುತ್ತೇನೆ.

ಹೊಸದೆಲ್ಲಾ ಸುರಕ್ಷಿತ ಅನ್ನುವವರಿಗೆ ಹೇಳಲೂ ಕತೆಗಳಿವೆ. 1896ರಲ್ಲಿ ವಿಯೆನ್ನಾದ ಲಿಯೊಪೋಲ್ಡ್ ಫ್ರಾಯಂಡ್ ಅನ್ನುವ ಡಾಕ್ಟರ್ ಒಂದು ಪುಟ್ಟ ಹುಡುಗಿಯ ಬೆನ್ನಿನ ಕೂದಲಿರುವ ಮಚ್ಚೆಗೆ ಎಕ್ಸ್-ರೇ ಹಾಯಿಸಿ ಕೂದಲು ಉದುರಿಸಿದರು. ಎಕ್ಸ್-ರೇ ಕಂಡುಹಿಡಿದು ಒಂದು ವರ್ಷ ಆಗಿತ್ತಷ್ಟೇ. 1920ರ ದಶಕದಲ್ಲಿ ಅಮೆರಿಕದ ಬ್ಯೂಟಿ ಪಾರ್ಲರ್‌ಗಳಲ್ಲಿ ಟ್ರೈಕೋ ಅನ್ನುವ ಎಕ್ಸ್-ರೇ ಮಷಿನ್‌ಗಳು ಬಂದವು. ನೋವಿಲ್ಲ, ದಾರ ಬೇಡ, ಪೆಟ್ಟಿಗೆಯ ಮುಂದೆ ಕೂತರೆ ಸಾಕು. ಗಲ್ಲದ ಕೂದಲು ಹೋಯಿತು. ವರ್ಷಗಳ ಮೇಲೆ ಅದೇ ಗಲ್ಲದಲ್ಲಿ ಚರ್ಮ ಸುಕ್ಕಿ, ಹುಣ್ಣಾಗಿ, ಹಲವರಿಗೆ ಕ್ಯಾನ್ಸರ್ ಆಯಿತು. 1930ರ ದಶಕದ ಆರಂಭದಲ್ಲಿ ಕೊರೆಮ್ಲು ಅಂತ ಒಂದು ಕ್ರೀಮ್ ಅಲ್ಲೇ ಮಾರಾಟಕ್ಕೆ ಬಂತು. ಅದರಲ್ಲಿದ್ದದ್ದು ಇಲಿ ಪಾಷಾಣಕ್ಕೆ ಬಳಸುವ ಥಾಲಿಯಂ. ಹಚ್ಚಿದವರಲ್ಲಿ ಕೆಲವರಿಗೆ ಕಾಲಿನ ಸ್ವಾಧೀನ ತಪ್ಪಿತು, ಕೆಲವರ ದೃಷ್ಟಿ ಹೋಯಿತು. ಹಚ್ಚಿದ್ದು ಮೇಲ್ದುಟಿಗೆ, ತಲೆಗೂದಲೂ ಉದುರಿತು.

ಇವುಗಳ ಮುಂದೆ ರೇಜರ್ ಪಾಪದ್ದು. ನಮ್ಮಲ್ಲಿ ಅದಕ್ಕೇ ಕೆಟ್ಟ ಹೆಸರು ಜಾಸ್ತಿ. "ರೇಜರ್ ಹಾಕ್ಬೇಡ, ಗಂಡಸರ ಗಡ್ಡದ ಥರ ಒರಟಾಗಿ ಬರುತ್ತೆ" ಅಂತ ಎಷ್ಟು ಅತ್ತೆ, ಚಿಕ್ಕಮ್ಮಂದಿರು ಹೇಳಿಲ್ಲ! ಇದನ್ನು ಮಿಲ್ಡ್ರೆಡ್ ಟ್ರಾಟರ್ ಅನ್ನುವ ಅಮೆರಿಕದ ಅಂಗರಚನಾ ತಜ್ಞೆ 1928ರಲ್ಲೇ ಅಳೆದು ನೋಡಿ, ಬೋಳಿಸಿದ್ದರಿಂದ ಕೂದಲು ದಪ್ಪವೂ ಆಗುವುದಿಲ್ಲ, ಬೇಗವೂ ಬೆಳೆಯುವುದಿಲ್ಲ ಅಂತ ತೋರಿಸಿದರು. ಬ್ಲೇಡು ಚರ್ಮದ ಮೇಲಿನ ಸತ್ತ ಭಾಗವನ್ನಷ್ಟೇ ಕತ್ತರಿಸುತ್ತದೆ, ಬೇರಿಗೆ ಸುದ್ದಿಯೇ ಹೋಗುವುದಿಲ್ಲ. ಮೊನಚು ತುದಿ ಹೋಗಿ ಮೊಂಡಾಗಿರುವುದರಿಂದ ಕೈಗೆ ಒರಟು ಅನಿಸುತ್ತದೆ.

ಹಾಗಂತ ರೇಜರ್ ನಿರಪರಾಧಿ ಅಲ್ಲ. ಗಡ್ಡ ಗುಂಗುರಾಗಿರುವ ಗಂಡಸರ ಕುತ್ತಿಗೆ ನೋಡಿ. ದಿನಾ ನುಣ್ಣಗೆ ಬೋಳಿಸುವವರಿಗೆ ಅಲ್ಲಿ ಗುಳ್ಳೆಗಳ ಸಾಲೇ ಇರುತ್ತದೆ. ಎರಡು ಮೂರು ಬ್ಲೇಡಿನ ರೇಜರ್ ಕೂದಲನ್ನು ಎತ್ತಿ ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ. ಬೆಳೆಯುವಾಗ ಅದು ಒಳಗೇ ಚುಚ್ಚುತ್ತದೆ. ಟ್ರಿಮ್ಮರ್‌ನಲ್ಲಿ ಒಂಚೂರು ಉಳಿಸಿ ಕತ್ತರಿಸಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ಗುಪ್ತಾಂಗದ ವಿಷಯಕ್ಕೂ ಇದೇ ಮಾತು. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯಲ್ಲಿ, ಅಲ್ಲಿನ ಕೂದಲು ತೆಗೆಯುವವರ ಪೈಕಿ ಸುಮಾರು ಕಾಲು ಭಾಗ ಜನ ಒಂದಲ್ಲ ಒಂದು ಸಲ ಗಾಯ ಮಾಡಿಕೊಂಡಿದ್ದರು. ಹೆಚ್ಚಿನವು ಬ್ಲೇಡಿನ ಗೀರು.

ಇಲ್ಲಿ ನನಗೆ ಸಿಟ್ಟು ಬರುವ ಒಂದು ವಿಷಯ ಇದೆ. ಹೆರಿಗೆಗೆ ಅಂತ ಆಸ್ಪತ್ರೆಗೆ ಸೇರಿದ ತಕ್ಷಣ "ಪಾರ್ಟ್ ಪ್ರಿಪರೇಷನ್" ಅಂತ ಮಾಡುತ್ತಾರೆ. ನೋವು ತಿನ್ನುತ್ತಿರುವ ಹೆಂಗಸನ್ನು ಮಲಗಿಸಿ, ಬ್ಲೇಡಿನಿಂದ ಒಣಒಣಗೆ ಬೋಳಿಸುವುದು. ಎಷ್ಟೋ ಕಡೆ ಪರದೆಯೂ ಇರುವುದಿಲ್ಲ. ಸೋಂಕು ಆಗಬಾರದು ಅಂತ ಇದು ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ತನ್ನ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಸಹಜ ಹೆರಿಗೆಗೆ ಮುಂಚೆ ರೂಢಿಯಂತೆ ಎಲ್ಲರಿಗೂ ಬೋಳಿಸುವುದು ಬೇಡ ಅಂದಿದೆ. ಆಪರೇಷನ್‌ಗಳ ಬಗ್ಗೆ 2016ರಲ್ಲೇ, ಕೂದಲು ತೆಗೆಯಲೇಬೇಕಿದ್ದರೆ ಕ್ಲಿಪ್ಪರ್ ಬಳಸಿ, ರೇಜರ್ ಬೇಡ ಅಂದಿತ್ತು. ಕಾರಣ ಬ್ಲೇಡು ಬಿಡುವ ಸಣ್ಣ ಗೀರುಗಳೇ ಸೋಂಕಿಗೆ ಬಾಗಿಲು. ಸುಶ್ರುತ ಗಾಯದ ಸುತ್ತ ಕೂದಲು ತೆಗೆಯಿರಿ ಅಂದದ್ದು ಸರಿಯೋ ತಪ್ಪೋ ಬಿಡಿ, ಈ ಕಾಲದ ಆಸ್ಪತ್ರೆ ಇನ್ನೂ ಬ್ಲೇಡು ಬಿಡದಿರುವುದಕ್ಕೆ ಏನು ಸಮಜಾಯಿಷಿ? ಬಾಣಂತಿಗೆ ಹೊಲಿಗೆಯ ನೋವಿನ ಜೊತೆ ಬೆಳೆಯುವ ಕೂದಲಿನ ತುರಿಕೆ ಬೇರೆ. ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳೋ ಹಾಗಿಲ್ಲ.

ಮಗು ಮನೆಗೆ ಬಂದ ಮೇಲೆ ಅದರ ಸರದಿ. ಹಣೆ, ಬೆನ್ನು, ಭುಜದ ಮೇಲಿನ ಎಳೆ ರೋಮ ಹೋಗಲಿ ಅಂತ ಕಡಲೆಹಿಟ್ಟೋ, ಹಿಟ್ಟಿನ ಉಂಡೆಯೋ ಹಾಕಿ ಉಜ್ಜುತ್ತಾರೆ. ಆ ರೋಮ ಕೆಲವು ವಾರಗಳಲ್ಲಿ ತಾನಾಗೇ ಉದುರುತ್ತದೆ. ಉಜ್ಜಿದರೆ ಬರುವುದು ಕೆಂಪು ಗುಳ್ಳೆ. ಉದುರಿದ ಶ್ರೇಯಸ್ಸು ಮಾತ್ರ ಹಿಟ್ಟಿಗೆ ಹೋಗುತ್ತದೆ.

ಈಗ ಎಲ್ಲರ ಬಾಯಲ್ಲೂ ಲೇಸರ್. ಇದರ ತತ್ವವನ್ನು ಬಾಸ್ಟನ್‌ನ ಆಂಡರ್ಸನ್ ಮತ್ತು ಪ್ಯಾರಿಶ್ 1983ರಲ್ಲಿ ವಿವರಿಸಿದರು. ಒಂದು ಬಣ್ಣ ಹೀರುವ ಬೆಳಕನ್ನು ಸರಿಯಾದ ಅಳತೆಯಲ್ಲಿ ಹಾಯಿಸಿದರೆ ಆ ಬಣ್ಣ ಇರುವ ಜಾಗವಷ್ಟೇ ಸುಡುತ್ತದೆ, ಸುತ್ತಲಿನದು ಉಳಿಯುತ್ತದೆ. ಕೂದಲ ಬುಡದ ಕಪ್ಪು ಬೆಳಕನ್ನು ಹೀರಿ, ಬಿಸಿಯಾಗಿ, ಬೇರನ್ನು ಸುಡುತ್ತದೆ. ಬಿಳಿ ಚರ್ಮದ ಮೇಲೆ ಕಪ್ಪು ಕೂದಲಿದ್ದರೆ ಗುರಿ ಸ್ಪಷ್ಟ. ನಮ್ಮ ಚರ್ಮದಲ್ಲೇ ಅದೇ ಮೆಲನಿನ್ ತುಂಬಿದೆಯಲ್ಲ, ಬೆಳಕು ಮೊದಲು ಚರ್ಮವನ್ನೇ ಹಿಡಿಯುತ್ತದೆ. ಬೊಬ್ಬೆ, ಆಮೇಲೆ ಕಪ್ಪು ಕಲೆ, ಕೆಲವೊಮ್ಮೆ ಬಿಳಿ ಕಲೆ. ಬೆಳಕಿನ ಅಲೆಯ ಉದ್ದ 755 ನ್ಯಾನೋಮೀಟರ್ ಇರುವ ಅಲೆಕ್ಸಾಂಡ್ರೈಟ್ ಲೇಸರ್ ನಮ್ಮ ಬಣ್ಣಕ್ಕೆ ಅಪಾಯ ಜಾಸ್ತಿ. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಆಳಕ್ಕೆ ಇಳಿಯುತ್ತದೆ, ಮೇಲಿನ ಮೆಲನಿನ್‌ನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಹಾಗಾಗಿ ಕಪ್ಪು ಚರ್ಮಕ್ಕೆ ಅದು ವಾಸಿ. 800ರ ಆಸುಪಾಸಿನ ಡಯೋಡ್ ನಡುವಿನದು, ನಮ್ಮಲ್ಲಿ ಸಾಕಷ್ಟು ಬಳಕೆಯಲ್ಲಿದೆ. ಆಫರ್ ಪ್ಯಾಕೇಜ್ ಎಷ್ಟು ಅಂತ ಕೇಳುವ ಮುಂಚೆ ಮಷಿನ್ ಯಾವುದು, ನಡೆಸುವವರು ಯಾರು, ಬೊಬ್ಬೆ ಬಂದರೆ ನೋಡುವ ಡಾಕ್ಟರ್ ಅಲ್ಲೇ ಇರುತ್ತಾರಾ ಅಂತ ಕೇಳಬೇಕು. ಲೇಸರ್ ಥರವೇ ಬೆಳಕು ಹಾಯಿಸಿ ಮನೆಯಲ್ಲೇ ಮಾಡಿಕೊಳ್ಳುವ ಐಪಿಎಲ್ ಮಷಿನ್‌ಗಳ ಡಬ್ಬಿಯಲ್ಲಿ ಮೈಬಣ್ಣದ ಒಂದು ಚಾರ್ಟ್ ಇರುತ್ತದೆ. ಕೊನೆಯ ಕಪ್ಪು ಚೌಕಗಳ ಮೇಲೆ ಗುಣಾಕಾರದ ಗುರುತು. ತರಿಸುವ ಮುಂಚೆ ಅದನ್ನೊಂದು ನೋಡಿ.

ಲೇಸರ್‌ನ ಇನ್ನೊಂದು ವಿಚಿತ್ರ ಅಂದ್ರೆ ಕೆಲವರಿಗೆ, ಅದರಲ್ಲೂ ಮುಖ ಮತ್ತು ಕುತ್ತಿಗೆಯಲ್ಲಿ, ಕೂದಲು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಬೇರು ಸಾಯುವಷ್ಟು ಬಿಸಿ ಸಿಗದೆ, ಎಚ್ಚರವಾಗುವಷ್ಟು ಮಾತ್ರ ಸಿಕ್ಕಿದರೆ ಹೀಗಾಗಬಹುದು ಅನ್ನುತ್ತಾರೆ. ಪಿಸಿಒಎಸ್ ಅನ್ನುವ ಹಾರ್ಮೋನ್ ಏರುಪೇರು ಇರುವವರಲ್ಲಿ, ಕಪ್ಪು ಚರ್ಮದವರಲ್ಲಿ ಇದು ಕಂಡುಬಂದಿದೆ. ನೋವಿಗೆ ಹಚ್ಚುವ ಮರಗಟ್ಟಿಸುವ ಕ್ರೀಮ್ ಬಗ್ಗೆಯೂ ಎಚ್ಚರ ಬೇಕು. ಕಾಲಿಗೆಲ್ಲಾ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಲೇಸರ್‌ಗೆ ಹೊರಟ ಇಬ್ಬರು ಯುವತಿಯರು ಅಮೆರಿಕದಲ್ಲಿ ಸತ್ತರು. ಔಷಧಿ ರಕ್ತಕ್ಕೆ ಇಳಿದು, ಫಿಟ್ಸ್ ಬಂದು, ಕೋಮಾಕ್ಕೆ ಹೋದರು. 2007ರಲ್ಲಿ ಅಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು.

ನಾನು ಮೊದಲು ಹೇಳಿದ ಕಲೆಗೆ ಬರುತ್ತೇನೆ. ಕಲೆ ಆದವರು ನೇರವಾಗಿ ಡಾಕ್ಟರ್ ಹತ್ತಿರ ಹೋಗುವುದಿಲ್ಲ. ಪಕ್ಕದ ಮನೆಯವರು ಹೇಳಿದ ಟ್ಯೂಬನ್ನು ಮೆಡಿಕಲ್ ಶಾಪ್‌ನಿಂದ ತರುತ್ತಾರೆ. ಅದರಲ್ಲಿ ಬ್ಲೀಚ್ ಮಾಡುವ ಔಷಧಿಯ ಜೊತೆ ಸ್ಟೆರಾಯ್ಡ್ ಇರುತ್ತದೆ. ಎರಡು ವಾರದಲ್ಲಿ ಮುಖ ಬೆಳ್ಳಗೆ, ನುಣ್ಣಗೆ. ಯಾರಿಗೆ ಖುಷಿ ಆಗಲ್ಲ? ತಿಂಗಳುಗಟ್ಟಲೆ ಹಚ್ಚಿದ ಮೇಲೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣುತ್ತವೆ, ಬಿಸಿಲಿಗೆ ಹೋದರೆ ಉರಿ, ಮೊಡವೆ. ಜೊತೆಗೆ ಕೆನ್ನೆಯ ಮೇಲೆ ಹೊಸ ಕೂದಲು. ಸ್ಟೆರಾಯ್ಡ್ ಕ್ರೀಮಿನ ಪರಿಣಾಮಗಳಲ್ಲಿ ಅದೂ ಒಂದು. ಕೂದಲು ತೆಗೆಸಿದ್ದಕ್ಕೆ ಕಲೆ, ಕಲೆ ತೆಗೆಯಲು ಟ್ಯೂಬು, ಟ್ಯೂಬಿನಿಂದ ಕೂದಲು. ಮತ್ತೆ ಪಾರ್ಲರ್. ನಮ್ಮ ದೇಶದ ಚರ್ಮವೈದ್ಯರು ಇದರ ವಿರುದ್ಧ ವರ್ಷಗಟ್ಟಲೆ ಕೂಗಿದ ಮೇಲೆ 2018ರಲ್ಲಿ ಸರ್ಕಾರ ಇಂಥ ಸ್ಟೆರಾಯ್ಡ್ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಅಂಗಡಿಯಲ್ಲಿ ಚೀಟಿ ಕೇಳುವುದನ್ನು ನೀವು ನೋಡಿದ್ದರೆ ನನಗೂ ಹೇಳಿ.

ಚರ್ಮದ ಡಾಕ್ಟ್ರು ಮೊದಲು ಹೇಳುವುದು ಮನೆಯಲ್ಲಿರೋ ಟ್ಯೂಬ್ ಎಲ್ಲಾ ತನ್ನಿ ಅಂತ. ನಮ್ಮ ಹುಡುಗಿಗೂ ಅದನ್ನೇ ಅಂದರು. ಅವಳ ಚೀಲದಿಂದ ನಾಲ್ಕಾರು ಟ್ಯೂಬು ಹೊರಗೆ ಬಂದವು. ಎಲ್ಲಾ ಬದಿಗಿಟ್ಟು, ಸನ್‌ಸ್ಕ್ರೀನ್ ಹಚ್ಚು, ಮುಟ್ಟಬೇಡ, ಕಾಯಿ ಅಂದರು. ಕಾಯುವುದಕ್ಕೆ ಫೀಸ್ ಕೊಟ್ವಾ ಅಂತ ನನ್ನ ತಂಗಿ ದಾರಿಯುದ್ದಕ್ಕೂ ಗೊಣಗಿದಳು. ಕಲೆ ಹೋಗಲು ಸುಮಾರು ಅರ್ಧ ವರ್ಷವೇ ಹಿಡಿಯಿತು. ಈಗ ಅವಳು ಮೇಲ್ದುಟಿಗೆ ಸಣ್ಣ ಟ್ರಿಮ್ಮರ್ ಓಡಿಸಿ ಕಾಲೇಜಿಗೆ ಹೋಗುತ್ತಾಳೆ. ಅವಳ ಅಜ್ಜಿಗೆ ಅದು ಇನ್ನೂ ಸರಿ ಕಂಡಿಲ್ಲ.

ಕೂದಲೇ ಒಂದು ಸೂಚನೆ ಆಗಿರುವುದೂ ಉಂಟು. ಗದ್ದ, ಎದೆ, ಹೊಟ್ಟೆಯ ಮೇಲೆ ಒರಟು ಕೂದಲು ಹೊಸದಾಗಿ ಶುರುವಾಗಿ, ಜೊತೆಗೆ ಮುಟ್ಟು ಏರುಪೇರಾಗಿದ್ದರೆ ಮೊದಲು ಹಾರ್ಮೋನ್ ಪರೀಕ್ಷೆ ಆಗಬೇಕು. ಅದು ಗೊತ್ತಾಗದೆ ಎಷ್ಟು ಸಿಟ್ಟಿಂಗ್ ಲೇಸರ್ ಮಾಡಿಸಿದರೂ ಹೊಸ ಕೂದಲು ಬರುತ್ತಲೇ ಇರುತ್ತದೆ. ನಮ್ಮ ಬೀದಿಯ ಪಾರ್ಲರ್‌ನಾಕೆ ಒಬ್ಬ ಕಾಲೇಜು ಹುಡುಗಿಗೆ ದಾರ ಹಿಡಿಯುವ ಮುಂಚೆ, "ಡೇಟ್ ಸರಿಯಾಗಿ ಆಗ್ತಿದೆಯಾ? ಒಂದ್ಸಲ ಡಾಕ್ಟ್ರಿಗೆ ತೋರ್ಸಮ್ಮ, ಇದು ನನ್ನ ಕೈಲಿ ಮುಗಿಯೋದಲ್ಲ" ಅಂದದ್ದನ್ನು ನಾನು ಪಕ್ಕದ ಕುರ್ಚಿಯಲ್ಲಿ ಕೂತು ಕೇಳಿದ್ದೇನೆ. ಗಿರಾಕಿ ಕಳೆದುಕೊಳ್ಳುವ ಮಾತು ಅದು. ಆಕೆಯ ರೇಟ್ ಬೇರೆ ಕಡೆಗಿಂತ ಇಪ್ಪತ್ತು ರೂಪಾಯಿ ಜಾಸ್ತಿ. ನಾನು ಚೌಕಾಸಿ ಮಾಡುವುದಿಲ್ಲ.